ಕಾಲೇಜು ಶಿಕ್ಷಣಕ್ಕೆ ಪೂರ್ವಸಿದ್ಧತೆ ಮತ್ತು ಸಾರ್ವಜನಿಕ ಅನುದಾನ: ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳನ್ನು ಕುರಿತ ಮಾಹಿತಿ

ಪೀಠಿಕೆ

ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳು ರಾಜ್ಯದ ಈಶಾನ್ಯ ಗಡಿಯಲ್ಲಿವೆ. ಇಲ್ಲಿನ ವಿದ್ಯಾರ್ಥಿಗಳಿಗೆ ಉನ್ನತ ಶಿಕ್ಷಣ ದೊರಕಿಸಲು ರಾಜ್ಯ ಸರ್ಕಾರವು ಎರಡು ಬಗೆಯ ಹೊಣೆಗಳನ್ನು ನಿರ್ವಹಿಸುತ್ತದೆ. ಕಾಲೇಜುಗಳನ್ನು ಸ್ಥಾಪಿಸಿ, ಅವುಗಳಿಗೆ ಕಟ್ಟಡ, ಬೋಧಕರು ಮತ್ತು ಅನುದಾನ ಒದಗಿಸುವುದು ಮೊದಲನೆಯದು. ಕಾಲೇಜಿಗೆ ಸೇರುವ ವಿದ್ಯಾರ್ಥಿಯು ಅಲ್ಲಿನ ಪಾಠವನ್ನು ಅನುಸರಿಸಲು ಶಕ್ತನಾಗುವಂತೆ ಶಾಲಾ ಹಂತದಲ್ಲಿಯೇ ಆತನನ್ನು ಸಿದ್ಧಗೊಳಿಸುವುದು ಎರಡನೆಯದು.

ಸಂವಿಧಾನದ 371(ಜೆ) ವಿಧಿಯು ಈ ಪ್ರದೇಶದ ವಿದ್ಯಾರ್ಥಿಗಳಿಗೆ ಪ್ರವೇಶದಲ್ಲಿ ಮೀಸಲಾತಿಯನ್ನು ಕಲ್ಪಿಸಿದೆ. ಆದರೆ ಮೀಸಲಾದ ಸ್ಥಾನವನ್ನು ಪಡೆಯಲು ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಪರೀಕ್ಷೆಗಳಲ್ಲಿ ತೇರ್ಗಡೆ ಹೊಂದಿ, ನಿಗದಿತ ಕನಿಷ್ಠ ಅಂಕಗಳನ್ನು ಗಳಿಸುವುದು ಅವಶ್ಯ. ಆದುದರಿಂದ ಪ್ರವೇಶದ ಹಕ್ಕು, ಕಲಿಕೆಯ ಸಿದ್ಧತೆ ಮತ್ತು ಅನುದಾನ ಈ ಮೂರೂ ಒಂದಕ್ಕೊಂದು ಹೊಂದಿಕೊಂಡು ನಡೆದಾಗ ಮಾತ್ರ ನೀತಿಯ ಉದ್ದೇಶ ಈಡೇರುತ್ತದೆ. ಈ ಮೂರು ಅಂಶಗಳ ಹಿನ್ನೆಲೆ, ಈಗಿನ ವ್ಯವಸ್ಥೆ ಹಾಗೂ ವಿದ್ಯಾರ್ಥಿಗಳು ಮತ್ತು ಪೋಷಕರು ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

1. ಐತಿಹಾಸಿಕ ಹಿನ್ನೆಲೆ

ಬಸವಕಲ್ಯಾಣವು ಕಲ್ಯಾಣದ ಚಾಲುಕ್ಯರ ರಾಜಧಾನಿಯಾಗಿತ್ತು. ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ‘ಮಿತಾಕ್ಷರಾ’ ಎಂಬ ಧರ್ಮಶಾಸ್ತ್ರ ವ್ಯಾಖ್ಯಾನವನ್ನು ರಚಿಸಿದನು. ಹನ್ನೆರಡನೆಯ ಶತಮಾನದಲ್ಲಿ ವಿವಿಧ ಕಾಯಕಗಳ ಶರಣ-ಶರಣೆಯರು ಕೂಡಿ ವಿಚಾರ ನಡೆಸಿದ ನೆಲವೂ ಇದೇ ಆಗಿದೆ. ಇಂತಹ ವಿದ್ಯಾಪರಂಪರೆಯುಳ್ಳ ಪ್ರದೇಶವು ಆಧುನಿಕ ಉನ್ನತ ಶಿಕ್ಷಣದಲ್ಲಿ ಹಿಂದುಳಿಯಲು ಆಡಳಿತಾತ್ಮಕ ಕಾರಣಗಳಿವೆ.

ಸ್ವಾತಂತ್ರ್ಯಪೂರ್ವದಲ್ಲಿ ಬೀದರ ಜಿಲ್ಲೆಯು ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಒಳಪಟ್ಟಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಸಂಸ್ಥಾನದ ಉನ್ನತ ಶಿಕ್ಷಣದ ಕೇಂದ್ರವಾಗಿತ್ತು ಮತ್ತು ಅಲ್ಲಿನ ಬೋಧನಾ ಮಾಧ್ಯಮ ಉರ್ದು ಆಗಿತ್ತು. ಮನೆಯಲ್ಲಿ ಕನ್ನಡ ಅಥವಾ ಮರಾಠಿ ಆಡುತ್ತಿದ್ದ ಗ್ರಾಮೀಣ ವಿದ್ಯಾರ್ಥಿಗಳು ಪದವಿ ಪಡೆಯಬೇಕಾದರೆ ಊರನ್ನೂ ಭಾಷೆಯನ್ನೂ ಬದಲಿಸಬೇಕಾಗಿತ್ತು. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನವು ಭಾರತದ ಆಡಳಿತಕ್ಕೆ ಒಳಪಟ್ಟಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ಈ ಭಾಗವು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು.

ಹಳೆಯ ಮೈಸೂರು ಭಾಗದಲ್ಲಿ 1916ರಲ್ಲಿಯೇ ವಿಶ್ವವಿದ್ಯಾಲಯ ಸ್ಥಾಪನೆಯಾಗಿದ್ದರೆ, ಈ ಭಾಗಕ್ಕೆ ತನ್ನದೇ ಆದ ವಿಶ್ವವಿದ್ಯಾಲಯ ದೊರೆತದ್ದು 1980ರಲ್ಲಿ, ಗುಲಬರ್ಗಾ ವಿಶ್ವವಿದ್ಯಾಲಯದ ಸ್ಥಾಪನೆಯಿಂದ. ಅದಕ್ಕೂ ಮೊದಲು ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವು ಗುಲಬರ್ಗಾದಲ್ಲಿ ಕಾರ್ಯನಿರ್ವಹಿಸುತ್ತಿತ್ತು. ಈ ನಡುವಿನ ಅವಧಿಯಲ್ಲಿ ಖಾಸಗಿ ಶಿಕ್ಷಣ ಸಂಸ್ಥೆಗಳು ಕಾಲೇಜುಗಳನ್ನು ತೆರೆದು ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿದವು. 1958ರಲ್ಲಿ ಸ್ಥಾಪನೆಯಾದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ಇವುಗಳಲ್ಲಿ ಪ್ರಮುಖವಾದುದು.

ಈ ವಿಳಂಬದ ಪರಿಣಾಮವು ಒಂದು ತಲೆಮಾರಿಗೆ ಸೀಮಿತವಾಗಿಲ್ಲ. 2001ರ ಜನಗಣತಿಯಂತೆ ಬೀದರ ಜಿಲ್ಲೆಯ ಸಾಕ್ಷರತಾ ಪ್ರಮಾಣ ಶೇ. 60.94 ಆಗಿದ್ದು, ಮಹಿಳೆಯರಲ್ಲಿ ಅದು ಶೇ. 50ಕ್ಕಿಂತ ಕಡಿಮೆ ಇತ್ತು. 2011ರಲ್ಲಿ ಜಿಲ್ಲೆಯ ಪ್ರಮಾಣ ಶೇ. 70.51ಕ್ಕೆ ಏರಿತು; ಅದೇ ವರ್ಷ ರಾಜ್ಯದ ಸರಾಸರಿ ಶೇ. 75.36 ಇತ್ತು. ಇಂದು ಕಾಲೇಜಿಗೆ ಬರುವ ಅನೇಕ ವಿದ್ಯಾರ್ಥಿಗಳ ತಾಯಂದಿರು 2001ರ ಆ ಅಂಕಿ ಅಂಶಕ್ಕೆ ಸೇರಿದವರು. ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲದ ಇಂತಹ ಮಕ್ಕಳಿಗೆ ಶಾಲೆ ಮತ್ತು ಕಾಲೇಜುಗಳೇ ಸಂಪೂರ್ಣ ಆಧಾರವಾಗಿವೆ.

2. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ

ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ರಾಜ್ಯ ಸರ್ಕಾರವು 2000ನೇ ಇಸವಿಯಲ್ಲಿ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿಯನ್ನು ರಚಿಸಿತು. ಸಮಿತಿಯು 2002ರಲ್ಲಿ ತನ್ನ ವರದಿಯನ್ನು ಸಲ್ಲಿಸಿತು. ಶಿಕ್ಷಣವೂ ಸೇರಿದಂತೆ ಹಲವು ಸೂಚಕಗಳನ್ನು ಆಧರಿಸಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದ ತಾಲ್ಲೂಕುಗಳೆಂದು ಗುರುತಿಸಲಾಯಿತು. ಇವುಗಳಲ್ಲಿ 39 ಅತ್ಯಂತ ಹಿಂದುಳಿದ, 40 ಅತಿ ಹಿಂದುಳಿದ ಮತ್ತು 35 ಹಿಂದುಳಿದ ತಾಲ್ಲೂಕುಗಳಾಗಿದ್ದವು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪೈಕಿ 21 ತಾಲ್ಲೂಕುಗಳು ಗುಲಬರ್ಗಾ ವಿಭಾಗಕ್ಕೆ ಸೇರಿದ್ದವು.

ಅನುದಾನ ಹಂಚಿಕೆಯ ದೃಷ್ಟಿಯಿಂದ ಈ ವರದಿಯ ಮುಖ್ಯ ಕೊಡುಗೆ ಎಂದರೆ, ತಾಲ್ಲೂಕನ್ನು ಅಳತೆಯ ಘಟಕವಾಗಿ ಪರಿಗಣಿಸಿದ್ದು. ಜಿಲ್ಲೆಯ ಸರಾಸರಿಯನ್ನು ಮಾತ್ರ ನೋಡಿದರೆ ಜಿಲ್ಲಾ ಕೇಂದ್ರದಲ್ಲಿರುವ ಸೌಲಭ್ಯಗಳು ದೂರದ ತಾಲ್ಲೂಕುಗಳ ಕೊರತೆಯನ್ನು ಮರೆಮಾಡುತ್ತವೆ. ಬೀದರ ನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮತ್ತು ಸರ್ಕಾರಿ ವೈದ್ಯಕೀಯ ಕಾಲೇಜುಗಳಿದ್ದರೂ, ಸುಮಾರು 80 ಕಿ.ಮೀ. ದೂರದ ಬಸವಕಲ್ಯಾಣದ ಹಳ್ಳಿಯೊಂದರ ವಿದ್ಯಾರ್ಥಿಗೆ ಅವು ದಿನನಿತ್ಯ ಹೋಗಿಬರುವ ಸ್ಥಳಗಳಲ್ಲ. ನಂಜುಂಡಪ್ಪ ಸಮಿತಿಯ ಸೂಚ್ಯಂಕವನ್ನು ಪ್ರದೇಶಾಭಿವೃದ್ಧಿ ಅನುದಾನದ ತಾಲ್ಲೂಕುವಾರು ಹಂಚಿಕೆಗೆ ಆಧಾರವಾಗಿ ಬಳಸಲಾಗಿದೆ.

3. ಸಂವಿಧಾನದ 371(ಜೆ) ವಿಧಿ ಮತ್ತು ಪ್ರವೇಶ ಮೀಸಲಾತಿ

2012ರಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿಯನ್ನು ಸೇರಿಸಲಾಯಿತು. ಅದರನ್ವಯ 2013ರಲ್ಲಿ ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯನ್ನು ರಚಿಸಲಾಯಿತು. 2019ರ ಸೆಪ್ಟೆಂಬರ್‌ನಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಸಲಾಗಿದ್ದು, ಮಂಡಳಿಯ ಹೆಸರೂ ಅದರಂತೆ ಬದಲಾಗಿದೆ. ಪ್ರದೇಶದ ಈ ಹೊಸ ಹೆಸರಿಗೆ ಬಸವಕಲ್ಯಾಣವೇ ಮೂಲ.

ವಿಧಿಯ ಅನುಸಾರ ಹೊರಡಿಸಲಾದ 2013ರ ಆದೇಶದಂತೆ:

• ಪ್ರದೇಶದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ಲಭ್ಯವಿರುವ ಸ್ಥಾನಗಳಲ್ಲಿ ಶೇ. 70ರಷ್ಟು ಸ್ಥಳೀಯ ವಿದ್ಯಾರ್ಥಿಗಳಿಗೆ ಮೀಸಲು.
• ಪ್ರದೇಶದ ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸ್ಥಾನಗಳು ಈ ಪ್ರದೇಶದ ವಿದ್ಯಾರ್ಥಿಗಳಿಗೆ ಮೀಸಲು.
• ಸೌಲಭ್ಯ ಪಡೆಯಲು ಸಂಬಂಧಪಟ್ಟ ಉಪವಿಭಾಗದ ಸಹಾಯಕ ಆಯುಕ್ತರಿಂದ ಅರ್ಹತಾ ಪ್ರಮಾಣಪತ್ರ ಪಡೆಯುವುದು ಕಡ್ಡಾಯ. ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳು ಬಸವಕಲ್ಯಾಣ ಉಪವಿಭಾಗಕ್ಕೆ ಸೇರಿವೆ.

ಈ ಮೀಸಲಾತಿಯು ಸ್ಥಾನಗಳ ಸಂಖ್ಯೆಗೆ ಸಂಬಂಧಿಸಿದ್ದೇ ಹೊರತು ಕನಿಷ್ಠ ಅರ್ಹತೆಗೆ ಸಂಬಂಧಿಸಿದ್ದಲ್ಲ ಎಂಬುದನ್ನು ಗಮನಿಸಬೇಕು. ಉದಾಹರಣೆಗೆ, ಇಂಜಿನಿಯರಿಂಗ್ ಪ್ರವೇಶಕ್ಕೆ ಸಾಮಾನ್ಯ ವರ್ಗದ ಅಭ್ಯರ್ಥಿಯು ದ್ವಿತೀಯ ಪಿ.ಯು.ಸಿ.ಯ ನಿಗದಿತ ವಿಜ್ಞಾನ ವಿಷಯಗಳಲ್ಲಿ ಒಟ್ಟು ಶೇ. 45 ಮತ್ತು ಮೀಸಲು ವರ್ಗಗಳ ಅಭ್ಯರ್ಥಿಯು ಶೇ. 40 ಅಂಕ ಪಡೆದಿರಬೇಕು. ರ‍್ಯಾಂಕ್ ನಿರ್ಧರಿಸುವಾಗ ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿ.ಇ.ಟಿ.) ಅಂಕಗಳಿಗೆ ಶೇ. 50 ಮತ್ತು ಪಿ.ಯು.ಸಿ. ಅಂಕಗಳಿಗೆ ಶೇ. 50 ಮಹತ್ವ ನೀಡಲಾಗುತ್ತದೆ. ವೈದ್ಯಕೀಯ ಪ್ರವೇಶಕ್ಕೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ (ನೀಟ್) ಅನ್ವಯಿಸುತ್ತದೆ. ಹೀಗಾಗಿ 371(ಜೆ) ಪ್ರಮಾಣಪತ್ರವನ್ನು ಹೊಂದಿದ್ದರೂ ಗಣಿತ ಅಥವಾ ವಿಜ್ಞಾನದಲ್ಲಿ ತಳಪಾಯವಿಲ್ಲದ ವಿದ್ಯಾರ್ಥಿಗೆ ಅದರಿಂದ ಪ್ರಯೋಜನವಾಗುವುದಿಲ್ಲ.

4. ಪೂರ್ವಸಿದ್ಧತೆಯ ಅರ್ಥ

ಕಾಲೇಜು ಶಿಕ್ಷಣಕ್ಕೆ ಪೂರ್ವಸಿದ್ಧತೆ ಎಂದರೆ ಹಿಂದಿನ ಪರೀಕ್ಷೆಯಲ್ಲಿ ತೇರ್ಗಡೆ ಹೊಂದುವುದಷ್ಟೇ ಅಲ್ಲ. ಸ್ಥೂಲವಾಗಿ ಅದರಲ್ಲಿ ನಾಲ್ಕು ಅಂಶಗಳಿವೆ:

ಅ) ಭಾಷೆ: ಪಠ್ಯಪುಸ್ತಕವನ್ನು ಸ್ವತಃ ಓದಿ ಗ್ರಹಿಸುವ ಮತ್ತು ತಿಳಿದುದನ್ನು ಸ್ವಂತ ವಾಕ್ಯಗಳಲ್ಲಿ ಬರೆಯುವ ಸಾಮರ್ಥ್ಯ.
ಆ) ಗಣಿತ: ಭಿನ್ನರಾಶಿ, ಅನುಪಾತ, ಶೇಕಡಾವಾರು, ಸರಳ ಬೀಜಗಣಿತ ಇವುಗಳಲ್ಲಿ ಹಿಡಿತ. ವಿಜ್ಞಾನಕ್ಕೆ ಮಾತ್ರವಲ್ಲದೆ ವಾಣಿಜ್ಯ ಮತ್ತು ಅರ್ಥಶಾಸ್ತ್ರದ ಅಧ್ಯಯನಕ್ಕೂ ಇದು ಅವಶ್ಯ.
ಇ) ಸ್ವಾಧ್ಯಯನ: ಟಿಪ್ಪಣಿ ಮಾಡಿಕೊಳ್ಳುವುದು, ಗ್ರಂಥಾಲಯದ ಬಳಕೆ, ಪಾಠದ ಹೊರಗೂ ಓದುವ ಅಭ್ಯಾಸ.
ಈ) ಮಾಹಿತಿ: ಯಾವ ವಿಷಯ ಸಂಯೋಜನೆಯು ಯಾವ ಪದವಿಗೆ ದಾರಿ ಮಾಡಿಕೊಡುತ್ತದೆ, ಯಾವ ಪ್ರಮಾಣಪತ್ರ ಎಂದು ಬೇಕು, ಅರ್ಜಿಯ ಕೊನೆಯ ದಿನಾಂಕ ಯಾವುದು ಎಂಬ ಅರಿವು.

ಇವುಗಳಲ್ಲಿ ಮೊದಲ ಮೂರು ಅಂಶಗಳು ಶಾಲೆಯ ವರ್ಷಗಳಲ್ಲಿ ನಿಧಾನವಾಗಿ ರೂಪುಗೊಳ್ಳುತ್ತವೆ. ನಾಲ್ಕನೆಯದು ಕೆಲವೇ ವಾರಗಳಲ್ಲಿ ಒದಗಿಸಬಹುದಾದದ್ದು. ಆದರೂ ಮೊದಲ ತಲೆಮಾರಿನ ವಿದ್ಯಾರ್ಥಿಗಳು ಅನೇಕ ಬಾರಿ ಅವಕಾಶ ಕಳೆದುಕೊಳ್ಳುವುದು ಇದರ ಕೊರತೆಯಿಂದಲೇ.

5. ಶಾಲಾ ಹಂತದ ಕ್ರಮಗಳು

ಮಕ್ಕಳನ್ನು ಶಾಲೆಯಲ್ಲಿ ಉಳಿಸಿಕೊಳ್ಳುವುದು ಪೂರ್ವಸಿದ್ಧತೆಯ ಮೊದಲ ಮೆಟ್ಟಿಲು. ಮಧ್ಯಾಹ್ನದ ಬಿಸಿಯೂಟದ ‘ಅಕ್ಷರ ದಾಸೋಹ’ ಯೋಜನೆಯನ್ನು 2002ರಲ್ಲಿ ರಾಜ್ಯದಲ್ಲಿ ಮೊದಲಿಗೆ ಬೀದರವೂ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭಿಸಲಾಯಿತು. 2006-07ರಿಂದ 8ನೇ ತರಗತಿಯ ಮಕ್ಕಳಿಗೆ ಬೈಸಿಕಲ್ ನೀಡುವ ಯೋಜನೆಯು ಜಾರಿಗೆ ಬಂದು, ಪ್ರೌಢಶಾಲೆ ದೂರವಿದ್ದ ಹಳ್ಳಿಗಳ ಬಾಲಕಿಯರಿಗೆ ನೆರವಾಯಿತು. ಕೋವಿಡ್ ಅವಧಿಯ ಕಲಿಕಾ ನಷ್ಟವನ್ನು ತುಂಬಲು 2022-23ನೇ ಸಾಲಿನಲ್ಲಿ ‘ಕಲಿಕಾ ಚೇತರಿಕೆ’ ಕಾರ್ಯಕ್ರಮವನ್ನು ಹಮ್ಮಿಕೊಳ್ಳಲಾಯಿತು. ಪೂರ್ವ ಪ್ರಾಥಮಿಕದಿಂದ ಪದವಿಪೂರ್ವದವರೆಗೆ ಒಂದೇ ಆವರಣದಲ್ಲಿ ಶಿಕ್ಷಣ ನೀಡುವ ಕರ್ನಾಟಕ ಪಬ್ಲಿಕ್ ಶಾಲೆಗಳು, ಮೊರಾರ್ಜಿ ದೇಸಾಯಿ ಹಾಗೂ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ರಾಜ್ಯದ ಇತರ ಕ್ರಮಗಳಾಗಿವೆ. ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯವು ಬಸವಕಲ್ಯಾಣ ತಾಲ್ಲೂಕಿನ ನಾರಾಯಣಪುರದಲ್ಲಿದೆ.

ಈ ಕ್ರಮಗಳಿಂದ ದಾಖಲಾತಿ ಹೆಚ್ಚಿದರೂ ಕಲಿಕೆಯ ಅಂತರ ಉಳಿದಿರುವುದನ್ನು ಎಸ್.ಎಸ್.ಎಲ್.ಸಿ. ಫಲಿತಾಂಶಗಳು ತೋರಿಸುತ್ತವೆ. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್ ನಿಗಾ ವ್ಯವಸ್ಥೆಯನ್ನು ಜಾರಿಗೊಳಿಸಲಾಯಿತು. ಆ ವರ್ಷ ಉಡುಪಿ ಜಿಲ್ಲೆಯು ಶೇ. 94 ಫಲಿತಾಂಶದೊಂದಿಗೆ ಮೊದಲ ಸ್ಥಾನದಲ್ಲಿದ್ದರೆ, ಕಲ್ಯಾಣ ಕರ್ನಾಟಕದ ಯಾದಗಿರಿ ಜಿಲ್ಲೆಯು ಶೇ. 50.59ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. 2025ರ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡದ ಫಲಿತಾಂಶ ಶೇ. 91.12 ಆಗಿದ್ದು, ಕಲಬುರಗಿಯದು ಶೇ. 42.43 ಆಗಿ ಕೊನೆಯ ಸ್ಥಾನ ಪಡೆಯಿತು. ಎರಡೂ ವರ್ಷ ಕೊನೆಯ ಸ್ಥಾನದಲ್ಲಿದ್ದ ಜಿಲ್ಲೆಗಳು 371(ಜೆ) ವ್ಯಾಪ್ತಿಗೆ ಸೇರಿದವು ಎಂಬುದು ಗಮನಾರ್ಹ. ಕಟ್ಟುನಿಟ್ಟಿನ ಪರೀಕ್ಷೆಯು ಅಂತರವನ್ನು ಸೃಷ್ಟಿಸಲಿಲ್ಲ. ಮೊದಲೇ ಇದ್ದ ಅಂತರವನ್ನು ಕಾಣುವಂತೆ ಮಾಡಿತು.

2024ರಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಎರಡಕ್ಕೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ನಡೆಸುವ ಪದ್ಧತಿ ಜಾರಿಗೆ ಬಂದಿತು. ಅನುತ್ತೀರ್ಣನಾದ ವಿದ್ಯಾರ್ಥಿಯ ವರ್ಷ ವ್ಯರ್ಥವಾಗದಂತೆ ತಡೆಯುವುದು ಇದರ ಉದ್ದೇಶ. ಮೊದಲ ಪರೀಕ್ಷೆ ಮತ್ತು ಮುಂದಿನ ಪರೀಕ್ಷೆಗಳ ನಡುವಿನ ವಾರಗಳಲ್ಲಿ ಶಾಲೆಯಲ್ಲಿ ಪರಿಹಾರ ಬೋಧನೆ ನಡೆದಾಗ ಮಾತ್ರ ಈ ಅವಕಾಶವು ಫಲಕಾರಿಯಾಗುತ್ತದೆ.

6. ಗಡಿ ತಾಲ್ಲೂಕುಗಳಲ್ಲಿ ಬೋಧನಾ ಮಾಧ್ಯಮದ ಪ್ರಶ್ನೆ

ಈ ಎರಡು ತಾಲ್ಲೂಕುಗಳಲ್ಲಿ ಕನ್ನಡ, ಮರಾಠಿ, ಉರ್ದು ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳಿವೆ. ಹತ್ತನೇ ತರಗತಿಯವರೆಗೆ ಈ ವೈವಿಧ್ಯವು ಮಕ್ಕಳಿಗೆ ಅನುಕೂಲಕರವಾಗಿದೆ. ಪದವಿಪೂರ್ವ ಹಂತದಲ್ಲಿ ವಿಜ್ಞಾನ ವಿಭಾಗವನ್ನು ಆಯ್ದುಕೊಂಡ ವಿದ್ಯಾರ್ಥಿಯು ಇಂಗ್ಲಿಷ್ ಪಠ್ಯಕ್ಕೆ ಹೊರಳಬೇಕಾಗುತ್ತದೆ. ಮರಾಠಿ ಅಥವಾ ಉರ್ದು ಮಾಧ್ಯಮದಲ್ಲಿ ಓದಿ ಕಲಾ ವಿಭಾಗ ಸೇರಿದ ವಿದ್ಯಾರ್ಥಿಗೆ ತರಗತಿಯ ಕನ್ನಡವೂ ಹೊಸದಾಗಿ ಕಾಣಬಹುದು. ವಿಷಯ ಗೊತ್ತಿದ್ದರೂ ಪಾರಿಭಾಷಿಕ ಪದ ಗೊತ್ತಿಲ್ಲದ ಕಾರಣ ಮೊದಲ ವರ್ಷದಲ್ಲಿಯೇ ಕೆಲವರು ಹಿಂದೆ ಬೀಳುತ್ತಾರೆ.

ಪ್ರವೇಶ ನಿಯಮಗಳಲ್ಲಿಯೂ ಮಾಧ್ಯಮದ ಪಾತ್ರವಿದೆ. ಸಿ.ಇ.ಟಿ. ಮೂಲಕ ನಡೆಯುವ ಪ್ರವೇಶದಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15 ಮತ್ತು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಎರಡಕ್ಕೂ 1ರಿಂದ 10ನೇ ತರಗತಿಯವರೆಗಿನ ವ್ಯಾಸಂಗವನ್ನು ಪರಿಗಣಿಸಲಾಗುತ್ತದೆ. ಮರಾಠಿ ಅಥವಾ ಉರ್ದು ಮಾಧ್ಯಮದ ಗ್ರಾಮೀಣ ವಿದ್ಯಾರ್ಥಿಗೆ ಗ್ರಾಮೀಣ ಮೀಸಲಾತಿ ದೊರೆಯಬಹುದಾದರೂ ಕನ್ನಡ ಮಾಧ್ಯಮದ ಮೀಸಲಾತಿ ಅನ್ವಯಿಸುವುದಿಲ್ಲ. ಅಲ್ಲದೆ ರಾಜ್ಯದಲ್ಲಿ ಕನಿಷ್ಠ ಏಳು ವರ್ಷ ವ್ಯಾಸಂಗ ಮಾಡಿರಬೇಕೆಂಬುದು ಸಿ.ಇ.ಟಿ.ಯ ಸಾಮಾನ್ಯ ಅರ್ಹತಾ ಷರತ್ತುಗಳಲ್ಲಿ ಒಂದಾಗಿದೆ. ಗಡಿಯಾಚೆಯ ಮಹಾರಾಷ್ಟ್ರದ ಶಾಲೆಗಳಿಗೆ ಮಕ್ಕಳನ್ನು ಸೇರಿಸುವ ಪೋಷಕರು ಈ ಷರತ್ತನ್ನು ಮೊದಲೇ ತಿಳಿದಿರುವುದು ಒಳಿತು. ಪ್ರೌಢಶಾಲೆಯ ಹಂತದಲ್ಲಿ ಕೈಗೊಂಡ ನಿರ್ಧಾರವು ಐದಾರು ವರ್ಷಗಳ ನಂತರ ಪ್ರವೇಶದ ಸಮಯದಲ್ಲಿ ಪರಿಣಾಮ ಬೀರುತ್ತದೆ.

ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ಕನಿಷ್ಠ 5ನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯು ಬೋಧನಾ ಮಾಧ್ಯಮವಾಗಿರಬೇಕೆಂದು ಶಿಫಾರಸು ಮಾಡಿದೆ. ಮಾತೃಭಾಷೆಯಲ್ಲಿ ಗಟ್ಟಿಯಾದ ಬುನಾದಿ ಮತ್ತು ಮುಂದಿನ ಹಂತದ ಭಾಷೆಗೆ ಕ್ರಮಬದ್ಧವಾದ ಸೇತುಬಂಧ ಇವೆರಡೂ ಬೇಕು. ಒಂದರ ಬದಲು ಇನ್ನೊಂದು ಸಾಲದು. ಪದವಿಪೂರ್ವ ಮತ್ತು ಪದವಿ ತರಗತಿಗಳ ಆರಂಭದ ವಾರಗಳಲ್ಲಿ ಸೇತುಬಂಧ ಪಾಠಗಳನ್ನು ನಡೆಸುವುದು, ಪಾರಿಭಾಷಿಕ ಪದಗಳ ದ್ವಿಭಾಷಾ ಪಟ್ಟಿಗಳನ್ನು ನೀಡುವುದು ಕಡಿಮೆ ವೆಚ್ಚದ ಉಪಾಯಗಳಾಗಿವೆ. ವಿಶ್ವವಿದ್ಯಾಲಯ ಅನುದಾನ ಆಯೋಗವು (ಯು.ಜಿ.ಸಿ.) ‘ದೀಕ್ಷಾರಂಭ’ ಎಂಬ ವಿದ್ಯಾರ್ಥಿ ಪರಿಚಯ ಕಾರ್ಯಕ್ರಮವನ್ನು ರೂಪಿಸಿದ್ದು, ಕಾಲೇಜುಗಳು ಅದನ್ನು ಈ ಉದ್ದೇಶಕ್ಕೂ ಬಳಸಿಕೊಳ್ಳಬಹುದಾಗಿದೆ.

7. ಸಾರ್ವಜನಿಕ ಅನುದಾನದ ಮೂಲಗಳು

1976ರ ಸಂವಿಧಾನ ತಿದ್ದುಪಡಿಯ ನಂತರ ಶಿಕ್ಷಣವು ಕೇಂದ್ರ ಮತ್ತು ರಾಜ್ಯಗಳೆರಡರ ಅಧಿಕಾರದ ಸಮವರ್ತಿ ಪಟ್ಟಿಯಲ್ಲಿದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರ ವೆಚ್ಚಕ್ಕೆ ಹಣ ಹಲವು ಮೂಲಗಳಿಂದ ಬರುತ್ತದೆ:

• ರಾಜ್ಯ ಆಯವ್ಯಯ: ಖಾಯಂ ಬೋಧಕ ಮತ್ತು ಬೋಧಕೇತರ ಸಿಬ್ಬಂದಿಯ ವೇತನ, ಅತಿಥಿ ಉಪನ್ಯಾಸಕರ ಗೌರವಧನ. ಅನುದಾನಿತ ಖಾಸಗಿ ಕಾಲೇಜುಗಳಿಗೆ ವೇತನಾನುದಾನ.
• ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ: ಕೊಠಡಿ, ಪ್ರಯೋಗಾಲಯ, ವಸತಿ ನಿಲಯ ಮುಂತಾದ ಕಾಮಗಾರಿಗಳು. 2024-25ನೇ ಸಾಲಿಗೆ ಮಂಡಳಿಗೆ ರೂ. 5,000 ಕೋಟಿ ಘೋಷಿಸಲಾಗಿತ್ತು. ‘ಅಕ್ಷರ ಆವಿಷ್ಕಾರ’ ಕಾರ್ಯಕ್ರಮದಡಿ ಅನುದಾನದ ಶೇ. 25 ಭಾಗವನ್ನು ಶಿಕ್ಷಣಕ್ಕೆ ಮೀಸಲಿಡಲು ಮಂಡಳಿಯು ನಿರ್ಧರಿಸಿತು.
• ಕೇಂದ್ರ ಪುರಸ್ಕೃತ ಯೋಜನೆ: 2013ರಲ್ಲಿ ಆರಂಭವಾದ ರಾಷ್ಟ್ರೀಯ ಉಚ್ಚತರ ಶಿಕ್ಷಾ ಅಭಿಯಾನವು (ರೂಸಾ) 2023ರಲ್ಲಿ ಪಿ.ಎಂ.-ಉಷಾ ಎಂಬ ಹೆಸರಿನಲ್ಲಿ ಮುಂದುವರಿಯಿತು. 2025-26ರವರೆಗಿನ ಅದರ ಒಟ್ಟು ಗಾತ್ರ ದೇಶಾದ್ಯಂತ ರೂ. 12,926.10 ಕೋಟಿ. ಕರ್ನಾಟಕದಂತಹ ರಾಜ್ಯಗಳಲ್ಲಿ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯಗಳು 60:40ರ ಅನುಪಾತದಲ್ಲಿ ಹಂಚಿಕೊಳ್ಳುತ್ತವೆ.
• ವಿದ್ಯಾರ್ಥಿಗಳ ಶುಲ್ಕ: ಇದರ ಒಂದು ಭಾಗ ವಿಶ್ವವಿದ್ಯಾಲಯಕ್ಕೂ ಉಳಿದದ್ದು ಕಾಲೇಜಿನ ಚಟುವಟಿಕೆಗಳಿಗೂ ಹೋಗುತ್ತದೆ.

ಈ ಮೂಲಗಳ ಸ್ವರೂಪದಲ್ಲಿಯೇ ಒಂದು ಸಮಸ್ಯೆ ಅಡಗಿದೆ. ಮಂಡಳಿಯ ಹಾಗೂ ಕೇಂದ್ರ ಯೋಜನೆಗಳ ಹಣ ಬಹುಪಾಲು ಒಮ್ಮೆ ಮಾಡಿ ಮುಗಿಸುವ ಕಾಮಗಾರಿಗಳಿಗೆ ಹೊಂದುತ್ತದೆ. ಬೋಧಕರ ವೇತನವು ಪ್ರತಿ ವರ್ಷ ತಪ್ಪದೆ ಭರಿಸಬೇಕಾದ ವೆಚ್ಚವಾಗಿದ್ದು, ರಾಜ್ಯದ ಬೊಕ್ಕಸವನ್ನೇ ಅವಲಂಬಿಸಿದೆ. ಹೀಗಾಗಿ ಕೊಠಡಿ ಸಿದ್ಧವಾದರೂ ಖಾಯಂ ಬೋಧಕರಿಗಾಗಿ ಕಾಯಬೇಕಾದ ಪರಿಸ್ಥಿತಿ ಉಂಟಾಗುತ್ತದೆ. 2021ರಲ್ಲಿ ರಾಜ್ಯದ ಪದವಿ ಕಾಲೇಜುಗಳಿಗೆ 1,242 ಸಹಾಯಕ ಪ್ರಾಧ್ಯಾಪಕರ ನೇಮಕಾತಿಗೆ ಅಧಿಸೂಚನೆ ಹೊರಡಿಸಿ, 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಸಲಾಯಿತು. ನೇಮಕಾತಿ ಪೂರ್ಣಗೊಳ್ಳುವವರೆಗೆ ಅತಿಥಿ ಉಪನ್ಯಾಸಕರೇ ತರಗತಿಗಳನ್ನು ನಡೆಸುತ್ತಾರೆ. 2022ರ ಜನವರಿಯಲ್ಲಿ ಅವರ ಮಾಸಿಕ ಗೌರವಧನವನ್ನು ವಿದ್ಯಾರ್ಹತೆ ಮತ್ತು ಸೇವಾವಧಿಗೆ ಅನುಗುಣವಾಗಿ ಗರಿಷ್ಠ ರೂ. 32,000ದವರೆಗೆ ಹೆಚ್ಚಿಸಲಾಯಿತು. ಪೂರ್ವಸಿದ್ಧತೆಯಲ್ಲಿ ಹಿಂದುಳಿದ ವಿದ್ಯಾರ್ಥಿಗೆ ವರ್ಷದ ಮೊದಲ ತಿಂಗಳಲ್ಲಿಯೇ ಬೋಧಕರ ಅವಶ್ಯಕತೆ ಹೆಚ್ಚು. ಅತಿಥಿ ಉಪನ್ಯಾಸಕರ ನಿಯೋಜನೆಯು ತಡವಾದಲ್ಲಿ ನಷ್ಟ ಅನುಭವಿಸುವವನು ಆತನೇ.

ಶಿಕ್ಷಣಕ್ಕೆ ರಾಷ್ಟ್ರೀಯ ಆದಾಯದ ಶೇ. 6ರಷ್ಟನ್ನು ವಿನಿಯೋಗಿಸಬೇಕೆಂದು ಕೊಠಾರಿ ಆಯೋಗವು (1964-66) ಸೂಚಿಸಿತ್ತು. ಈ ಗುರಿಯನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪುನರುಚ್ಚರಿಸಿದೆ.

8. ವಿಶ್ವವಿದ್ಯಾಲಯ ಮತ್ತು ಪದವಿ ಸ್ವರೂಪದ ಬದಲಾವಣೆಗಳು

2022ರಲ್ಲಿ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ಕ್ಕೆ ತಿದ್ದುಪಡಿ ತಂದು ಏಳು ಹೊಸ ವಿಶ್ವವಿದ್ಯಾಲಯಗಳ ಸ್ಥಾಪನೆಗೆ ಅವಕಾಶ ಕಲ್ಪಿಸಲಾಯಿತು. ಇವುಗಳಲ್ಲಿ ಒಂದಾದ ಬೀದರ ವಿಶ್ವವಿದ್ಯಾಲಯವು ಹಾಲಹಳ್ಳಿಯ ಹಿಂದಿನ ಸ್ನಾತಕೋತ್ತರ ಕೇಂದ್ರದ ಆವರಣದಲ್ಲಿ 2023ರಲ್ಲಿ ಕಾರ್ಯಾರಂಭ ಮಾಡಿತು. ಅದುವರೆಗೆ ಬಸವಕಲ್ಯಾಣ ಮತ್ತು ಹುಮನಾಬಾದದ ಪದವಿ ಕಾಲೇಜುಗಳು ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಹೊಸ ವಿಶ್ವವಿದ್ಯಾಲಯಗಳ ಆರ್ಥಿಕ ಸ್ಥಿತಿಯನ್ನು ಪರಿಶೀಲಿಸಿದ ಸಚಿವ ಸಂಪುಟ ಉಪಸಮಿತಿಯು 2025ರ ಫೆಬ್ರವರಿಯಲ್ಲಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಂದುವರಿಸದಿರುವ ಬಗ್ಗೆ ಅಭಿಪ್ರಾಯಪಟ್ಟಿತು. ಆ ಪಟ್ಟಿಯಲ್ಲಿ ಬೀದರ ವಿಶ್ವವಿದ್ಯಾಲಯ ಸೇರಿರಲಿಲ್ಲ. ವಿಶ್ವವಿದ್ಯಾಲಯವನ್ನು ಘೋಷಿಸುವುದಕ್ಕಿಂತ ಅದನ್ನು ವರ್ಷದಿಂದ ವರ್ಷಕ್ಕೆ ನಡೆಸಿಕೊಂಡು ಹೋಗುವ ಅನುದಾನವೇ ಮುಖ್ಯವೆಂಬುದು ಈ ಪರಿಶೀಲನೆಯಿಂದ ಮನವರಿಕೆಯಾಗುತ್ತದೆ.

ಪದವಿಯ ಅವಧಿಯೂ ಇತ್ತೀಚಿನ ವರ್ಷಗಳಲ್ಲಿ ಎರಡು ಬಾರಿ ಬದಲಾಗಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಪದವಿ ಜಾರಿಗೆ ಬಂದಿತು. ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇರೆಗೆ 2024-25ರಿಂದ ಮೂರು ವರ್ಷಗಳ ಪದವಿಯನ್ನು ಮರಳಿ ಜಾರಿಗೊಳಿಸಲಾಯಿತು. ವಿದ್ಯಾರ್ಥಿಗಳು ತಮ್ಮ ಪ್ರವೇಶದ ವರ್ಷಕ್ಕೆ ಅನ್ವಯಿಸುವ ಪಠ್ಯಕ್ರಮವನ್ನು ಕಾಲೇಜಿನಲ್ಲಿ ಖಚಿತಪಡಿಸಿಕೊಳ್ಳಬೇಕು.

ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ 2021-22ರ ಪ್ರಕಾರ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಅನುಪಾತವು ದೇಶದಲ್ಲಿ 28.4 ಮತ್ತು ಕರ್ನಾಟಕದಲ್ಲಿ 36.2 ಇದೆ. ರಾಜ್ಯದ ಸರಾಸರಿ ಉತ್ತಮವಾಗಿದ್ದರೂ ಅದು ಎಲ್ಲ ತಾಲ್ಲೂಕುಗಳ ಸ್ಥಿತಿಯನ್ನು ಪ್ರತಿಬಿಂಬಿಸುವುದಿಲ್ಲ ಎಂಬ ನಂಜುಂಡಪ್ಪ ಸಮಿತಿಯ ಪಾಠ ಇಲ್ಲಿಯೂ ಅನ್ವಯಿಸುತ್ತದೆ.

9. ವಿದ್ಯಾರ್ಥಿಗಳಿಗೆ ನೇರ ನೆರವು

• ವಿದ್ಯಾರ್ಥಿವೇತನ: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ವರ್ಗಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಅರ್ಜಿಗಳನ್ನು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ (ಎಸ್.ಎಸ್.ಪಿ.) ಮೂಲಕ ಸಲ್ಲಿಸಬೇಕು.
• ವಿದ್ಯಾಸಿರಿ: ವಸತಿ ನಿಲಯದಲ್ಲಿ ಸ್ಥಾನ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳ ಊಟ ಮತ್ತು ವಸತಿಗಾಗಿ 2013-14ರಲ್ಲಿ ಆರಂಭವಾದ ಯೋಜನೆ. ಆರಂಭದಲ್ಲಿ ತಿಂಗಳಿಗೆ ರೂ. 1,500ರಂತೆ ಹತ್ತು ತಿಂಗಳು ನೀಡಲಾಗುತ್ತಿತ್ತು.
• ವಸತಿ ನಿಲಯಗಳು: ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ನಿಲಯಗಳು.
• ಸಂಚಾರ: 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾರಿಗೆ ನಿಗಮಗಳ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಉಚಿತ ಪ್ರಯಾಣ. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು. 2017ರ ಅಕ್ಟೋಬರ್‌ನಲ್ಲಿ ಬೀದರ-ಕಲಬುರಗಿ ರೈಲುಮಾರ್ಗವು ಪೂರ್ಣವಾಗಿ ತೆರೆದ ನಂತರ ಹುಮನಾಬಾದದಿಂದ ಎರಡೂ ನಗರಗಳಿಗೆ ರೈಲು ಸಂಪರ್ಕ ಲಭ್ಯವಾಗಿದೆ.

ಬಸ್ಸಿನ ವೇಳಾಪಟ್ಟಿಯು ಕಾಲೇಜಿನ ವೇಳಾಪಟ್ಟಿಗೆ ಹೊಂದಿಕೆಯಾಗುವುದು ಉಚಿತ ಪ್ರಯಾಣದಷ್ಟೇ ಮುಖ್ಯ. ಹಳ್ಳಿಗೆ ಹೋಗುವ ಕೊನೆಯ ಬಸ್ಸು ಬೇಗನೆ ಹೊರಡುವುದಾದರೆ, ಸಂಜೆಯ ಪರಿಹಾರ ಬೋಧನೆಯ ತರಗತಿಗೆ ವಿದ್ಯಾರ್ಥಿನಿಯರು ಉಳಿಯಲಾರರು.

10. ವಿದ್ಯಾರ್ಥಿಗಳು ಮತ್ತು ಪೋಷಕರು ಗಮನಿಸಬೇಕಾದ ಅಂಶಗಳು

1) 371(ಜೆ) ಅರ್ಹತಾ ಪ್ರಮಾಣಪತ್ರ ಹಾಗೂ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ದ್ವಿತೀಯ ಪಿ.ಯು.ಸಿ. ಪರೀಕ್ಷೆಗೆ ಮೊದಲೇ ಪಡೆದಿಟ್ಟುಕೊಳ್ಳುವುದು ಸೂಕ್ತ. ಫಲಿತಾಂಶ ಬಂದ ನಂತರ ಕಚೇರಿಗಳಲ್ಲಿ ಅರ್ಜಿಗಳ ಒತ್ತಡ ಹೆಚ್ಚುತ್ತದೆ.
2) ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರಗಳಿಗೆ ಹತ್ತು ವರ್ಷಗಳ ವಿವರ ಬೇಕಾಗುವುದರಿಂದ, ಓದಿದ ಎಲ್ಲ ಶಾಲೆಗಳ ದಾಖಲೆಗಳನ್ನು ಕಾಪಾಡಿಕೊಳ್ಳಬೇಕು.
3) ಶಾಲಾ ದಾಖಲೆ, ಆಧಾರ್ ಮತ್ತು ಬ್ಯಾಂಕ್ ಖಾತೆಗಳಲ್ಲಿ ಹೆಸರು ಒಂದೇ ರೀತಿ ಇರುವಂತೆ ನೋಡಿಕೊಳ್ಳಬೇಕು. ವಿದ್ಯಾರ್ಥಿವೇತನ ವಿಳಂಬವಾಗಲು ಹೆಸರಿನ ವ್ಯತ್ಯಾಸವೂ ಒಂದು ಕಾರಣ.
4) ಪದವಿಪೂರ್ವ ಹಂತದಲ್ಲಿ ವಿಷಯ ಸಂಯೋಜನೆಯನ್ನು ಆಯ್ದುಕೊಳ್ಳುವ ಮೊದಲು ಮುಂದಿನ ಪದವಿಗೆ ಬೇಕಾದ ವಿಷಯಗಳ ಬಗ್ಗೆ ಉಪನ್ಯಾಸಕರೊಂದಿಗೆ ಸಮಾಲೋಚಿಸಬೇಕು. ಗಣಿತವನ್ನು ಕೈಬಿಟ್ಟರೆ ಹಲವು ದಾರಿಗಳು ಮುಚ್ಚುತ್ತವೆ.
5) ಮೊದಲ ಪರೀಕ್ಷೆಯಲ್ಲಿ ಅನುತ್ತೀರ್ಣರಾದವರು ಅದೇ ವರ್ಷದ ಮುಂದಿನ ಪರೀಕ್ಷೆಗೆ ನೋಂದಾಯಿಸಿಕೊಂಡು, ಶಾಲೆಯ ಪರಿಹಾರ ಬೋಧನೆಗೆ ಹಾಜರಾಗಬೇಕು.

ಉಪಸಂಹಾರ

ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಸಂವಿಧಾನವು ಪ್ರವೇಶದ ಹಕ್ಕನ್ನು ನೀಡಿದೆ ಮತ್ತು ಆಯವ್ಯಯವು ಕಟ್ಟಡಗಳಿಗೆ ಹಣ ಒದಗಿಸುತ್ತಿದೆ. ಬಸವಕಲ್ಯಾಣ ಮತ್ತು ಹುಮನಾಬಾದದಂತಹ ತಾಲ್ಲೂಕುಗಳಲ್ಲಿ ಈ ಎರಡರ ಫಲವೂ ಅಂತಿಮವಾಗಿ ಎಂಟನೇ ತರಗತಿಯಿಂದ ಪದವಿಯ ಮೊದಲ ವರ್ಷದವರೆಗಿನ ಬೋಧನೆಯನ್ನು ಅವಲಂಬಿಸಿದೆ. ಆ ಅವಧಿಯಲ್ಲಿ ಭಾಷೆ ಮತ್ತು ಗಣಿತದ ಬೋಧಕರು ತರಗತಿಯಲ್ಲಿರುವಂತೆ ನೋಡಿಕೊಳ್ಳಲು ಮಾಡುವ ವೆಚ್ಚವು ಹೊಸ ಕಟ್ಟಡದಂತೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಮೀಸಲಾದ ಸ್ಥಾನಗಳು ಅರ್ಹ ಸ್ಥಳೀಯ ವಿದ್ಯಾರ್ಥಿಗಳಿಂದ ತುಂಬುವುದೂ, ಸೇರಿದವರು ಪದವಿಯನ್ನು ಪೂರ್ಣಗೊಳಿಸುವುದೂ ಅದರಿಂದಲೇ ಸಾಧ್ಯ.

ಹೆಚ್ಚಿನ ವಿವರಗಳಿಗಾಗಿ ವಿದ್ಯಾರ್ಥಿಗಳು ಮತ್ತು ಪೋಷಕರು ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ, ಪದವಿಪೂರ್ವ ಕಾಲೇಜು ಅಥವಾ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಪ್ರಾಂಶುಪಾಲರನ್ನು, ಪ್ರಮಾಣಪತ್ರಗಳಿಗಾಗಿ ತಹಶೀಲ್ದಾರರ ಹಾಗೂ ಸಹಾಯಕ ಆಯುಕ್ತರ ಕಚೇರಿಗಳನ್ನು ಸಂಪರ್ಕಿಸಬಹುದಾಗಿದೆ.